ಮುತ್ತಜ್ಜಿಗೆ ಪಿಂಚಣಿ ಬಂತೇ?

ಪಿಂಚಣಿ ಅಂದ ಕೂಡಲೆ ನಮಗೆಲ್ಲ ನೆನಪಾಗುವುದು ಏನು ಹೇಳಿ? ನವೆಂಬರ್ ತಿಂಗಳು ಬಂತೆಂದರೆ ‘ನಾನಿನ್ನೂ ಬದುಕಿದ್ದೇನೆ’ ಎಂದು ಸಹಿ ಹಾಕಿಕೊಡಲು ಹೊರಡುವ ಮನೆಯ ಹಿರಿಯರು. ಅವರ ಕೈಚೀಲದಲ್ಲಿ ಹಳೆಯ ಪಾಸ್‌ಬುಕ್ಕು, ಕನ್ನಡಕದ ಡಬ್ಬಿ, ನೀರಿನ ಬಾಟಲಿ. ತಿಂಗಳ ಮೊದಲ ವಾರದಲ್ಲಿ ಮೊಮ್ಮಕ್ಕಳ ಕೈಗೆ ಬೀಳುವ ಬಿಸ್ಕತ್ತಿನ ಪೊಟ್ಟಣ. ಇಷ್ಟೇ ಅಲ್ಲವೇ? ನಾನೂ ಹಾಗೇ ತಿಳಿದಿದ್ದೆ. ಆದರೆ ಈ ಮೂರಕ್ಷರದ ಹಿಂದೆ ನೂರೈವತ್ತು ವರ್ಷಗಳ ಹೆಂಗಸರ ಕಣ್ಣೀರು ಇದೆ ಎಂಬುದು ನನಗೆ ತಿಳಿದದ್ದು ಕಳೆದ ಒಂದು ವರ್ಷದಲ್ಲಿ. ನಿಮಗೂ ಅದನ್ನು ಹೇಳಬೇಕೆನಿಸಿತು.

ನಮ್ಮ ಪಕ್ಕದ ಮನೆಯಲ್ಲಿ ಟೀಚರ್ ಆಂಟಿ ಇದ್ದಾರೆ. ಆಂಗ್ಲೋ ಇಂಡಿಯನ್ ಜನ. ವಯಸ್ಸು ಎಪ್ಪತ್ತೆಂಟು. ಬೆಂಗಳೂರು ದಂಡಿನಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಕನ್ನಡ, ತಮಿಳು, ಇಂಗ್ಲಿಷು ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲರು. ಕ್ರಿಸ್‌ಮಸ್ಸಿಗೆ ಅವರ ಮನೆಯ ಕಲ್‌ಕಲ್, ಕೇಕು ನಮ್ಮ ಮನೆಗೆ. ಯುಗಾದಿಗೆ ನಮ್ಮ ಮನೆಯ ಒಬ್ಬಟ್ಟು ಅವರ ಮನೆಗೆ. ಹೀಗೆ ನಡೆದುಕೊಂಡು ಬಂದಿದೆ.

ಅವರ ಮನೆಯಲ್ಲಿ ದಪ್ಪನೆಯ ಹಳೆಯ ಬೈಬಲ್ ಒಂದಿದೆ. ಅದರ ಮೊದಲ ಹಾಳೆಗಳಲ್ಲಿ ಮನೆತನದವರ ಹುಟ್ಟು, ಮದುವೆ, ಸಾವು ಎಲ್ಲ ಬರೆದಿಟ್ಟಿದ್ದಾರೆ. ಆಂಟಿಯ ಮುತ್ತಜ್ಜನ ಹೆಸರು ಅಲ್ಲಿ ದೊಡ್ಡದಾಗಿ ಇದೆ. ಆದರೆ ಮುತ್ತಜ್ಜಿಯ ಹೆಸರು? ಅದು ಮಾತ್ರ ಇಲ್ಲ. ‘ಹೆಂಡತಿ’ ಎಂದಷ್ಟೇ ಇದೆ. ಯಾಕೆಂದು ಕೇಳಿದರೆ ಆಂಟಿ ನಿಟ್ಟುಸಿರು ಬಿಟ್ಟು ಹೇಳಿದರು:

“ನಮ್ಮ ಮಮ್ಮಿ ಅವಳ ಸುದ್ದಿ ಎತ್ತಿದರೆ ದನಿ ತಗ್ಗಿಸೋರು ಕಣಮ್ಮ. ಅವಳು ಮೊದಲು ಇನ್ನೊಬ್ಬ ಸಿಪಾಯಿಯ ಹೆಂಡತಿ ಆಗಿದ್ದಳಂತೆ. ಇಬ್ಬರು ಸಣ್ಣ ಮಕ್ಕಳು ಬೇರೆ. ಗಂಡ ಕಾಲರಾದಲ್ಲಿ ಸತ್ತು ನಾಲ್ಕು ತಿಂಗಳಾಗಿರಲಿಲ್ಲ, ನಮ್ಮ ಮುತ್ತಜ್ಜನನ್ನ ಮದುವೆಯಾದಳು. ರಾಣಿಯ ಸಿಪಾಯಿಯ ವಿಧವೆ ಅಂದಮೇಲೆ ಪಿಂಚಣಿ ಬಂದೇ ಬಂದಿರುತ್ತೆ. ಮರ್ಯಾದೆಯಿಂದ ಕೂತು ಉಣ್ಣೋದು ಬಿಟ್ಟು ಹೀಗೆ ಮಾಡಿದಳು ಅಂತ ಮನೆಯವರಿಗೆ ನಾಚಿಕೆ. ಆ ಪಿಂಚಣಿ ಎಷ್ಟಿತ್ತು ಅಂತ ನಾನು ಸಾಯೋದರೊಳಗೆ ತಿಳೀಬೇಕು.”

ನನ್ನ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಕಂಪ್ಯೂಟರ್ ಕೆಲಸ ಅವಳದು. ಹಳೆಯ ಕೈಬರಹವನ್ನು ಕೂತು ಬಿಡಿಸಿ ಓದುವ ತಾಳ್ಮೆಯ ಕೆಲಸ ನನ್ನದು. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೆ. ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣಿಗೆ ಇದೇನು ಮಹಾ ಎಂದು ಸೆರಗು ಕಟ್ಟಿ ಕೂತೆ!

ಯಾರ ಚಾಕರಿ ಮಾಡಿದ?

ಇಂಥ ಹುಡುಕಾಟದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆತ ಯಾರ ಚಾಕರಿಯಲ್ಲಿದ್ದ? ಯಾಕೆಂದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದರೆ 1837ರಿಂದ 1901ರವರೆಗೆ, ಎಲ್ಲರಿಗೂ ಒಂದೇ ಪಿಂಚಣಿ ಎಂಬುದೇ ಇರಲಿಲ್ಲ. ಸೈನ್ಯಕ್ಕೆ ಒಂದು, ನೌಕಾಪಡೆಗೆ ಒಂದು, ಸರ್ಕಾರಿ ಗುಮಾಸ್ತರಿಗೆ ಇನ್ನೊಂದು. ಗದ್ದೆಯಲ್ಲಿ ದುಡಿದವರಿಗೆ, ಗಿರಣಿಯಲ್ಲಿ ದುಡಿದವರಿಗೆ, ಮನೆಗೆಲಸದವರಿಗೆ ಸರ್ಕಾರದಿಂದ ಏನೂ ಇಲ್ಲ.

ಸೈನ್ಯದಲ್ಲೂ ಎರಡು ಬಗೆ. ಈಸ್ಟ್ ಇಂಡಿಯಾ ಕಂಪನಿಗೆ ತನ್ನದೇ ಸೈನ್ಯ ಇತ್ತು. ಅವರ ಗಾಯಾಳುಗಳಿಗೆ, ವಿಧವೆಯರಿಗೆ ಸಹಾಯ ಮಾಡಲು 1770ರಲ್ಲಿ ‘ಲಾರ್ಡ್ ಕ್ಲೈವ್ ನಿಧಿ’ ಎಂಬುದು ಆರಂಭವಾಯಿತು. ಅದಕ್ಕೆ ಮೂಲಧನ ಎಲ್ಲಿಯದು ಗೊತ್ತೇ? ಬಂಗಾಳದ ನವಾಬ ಮೀರ್ ಜಾಫರ್ ಕ್ಲೈವನಿಗೆ ಬಿಟ್ಟುಹೋದ ಐದು ಲಕ್ಷ ರೂಪಾಯಿ. ನಮ್ಮ ದೇಶದ ದುಡ್ಡು! ಇನ್ನೊಂದು, ಇಂಗ್ಲೆಂಡಿನಿಂದ ಸರದಿಯ ಮೇಲೆ ಬಂದು ಹೋಗುತ್ತಿದ್ದ ರಾಣಿಯ ಪಲ್ಟನ್ನುಗಳು. ಬೆಂಗಳೂರು ದಂಡಿನಲ್ಲಿ ಇಂಥ ಪಲ್ಟನ್ನುಗಳು ಬೀಡುಬಿಡುತ್ತಿದ್ದವು. ಆಂಟಿಯ ಮುತ್ತಜ್ಜ ಈ ಎರಡನೆಯ ಪಂಗಡದವನು. ಆದ್ದರಿಂದ ನಾವು ಹುಡುಕಬೇಕಾದ ಹೆಸರು ‘ಚೆಲ್ಸಿ’.

ಚೆಲ್ಸಿ ಎನ್ನುವುದು ಲಂಡನ್ನಿನ ಒಂದು ಭಾಗ. ಅಲ್ಲಿ ಎರಡನೆಯ ಚಾರ್ಲ್ಸ್ ದೊರೆ 1682ರಲ್ಲಿ ಮುದಿ ಸಿಪಾಯಿಗಳಿಗಾಗಿ ‘ರಾಯಲ್ ಹಾಸ್ಪಿಟಲ್’ ಸ್ಥಾಪಿಸಿದ. ಹಾಸ್ಪಿಟಲ್ ಎಂದರೆ ಇಲ್ಲಿ ಆಸ್ಪತ್ರೆಯಲ್ಲ, ಆಶ್ರಯಧಾಮ ಎಂದು ತಿಳಿಯಿರಿ. ಕೆಂಪು ಕೋಟು ತೊಟ್ಟ ಮುದುಕರು ಅಲ್ಲಿ ಇವತ್ತಿಗೂ ಇದ್ದಾರೆ. ಆದರೆ ಒಳಗೆ ಇರಲು ಜಾಗ ಎಷ್ಟು ಜನಕ್ಕೆ ಸಾಕು? ಬಹುಪಾಲು ಸಿಪಾಯಿಗಳು ತಮ್ಮ ತಮ್ಮ ಊರಲ್ಲೇ ಇದ್ದು ಪಿಂಚಣಿ ಪಡೆಯುತ್ತಿದ್ದರು. ಅವರಿಗೆ ‘ಹೊರ ಪಿಂಚಣಿದಾರರು’ ಎಂದು ಹೆಸರು. 1842ರಿಂದ ಇದಕ್ಕೆಂದೇ ಜಿಲ್ಲೆ ಜಿಲ್ಲೆಗೆ ಪಿಂಚಣಿ ಅಧಿಕಾರಿಗಳು ಬಂದರು. ಇಂಗ್ಲೆಂಡಿನಲ್ಲಿದ್ದವರದು ಮಾತ್ರವಲ್ಲ, ಸಮುದ್ರದಾಚೆ ನೆಲೆ ನಿಂತವರ ಲೆಕ್ಕವೂ ಅವರ ಪುಸ್ತಕಗಳಲ್ಲಿ ಇದೆ.

ಪಿಂಚಣಿ ಸುಮ್ಮನೆ ಬರುತ್ತಿರಲಿಲ್ಲ. ಕಾಲಾಳು ಪಡೆಯವನು ಇಪ್ಪತ್ತೊಂದು ವರ್ಷ ಸೇವೆ ಮಾಡಬೇಕು, ಇಲ್ಲವೇ ಗಾಯದಿಂದಲೋ ಕಾಯಿಲೆಯಿಂದಲೋ ಅಶಕ್ತನಾಗಬೇಕು. ಸಾಮಾನ್ಯ ಸಿಪಾಯಿಗೆ ದಿನಕ್ಕೆ ಒಂದು ಶಿಲಿಂಗ್‌ನ ಆಸುಪಾಸು. ಅದಕ್ಕಿಂತ ಕಡಿಮೆ ಬಂದವರೂ ಉಂಟು. ಒಳ್ಳೆಯ ನಡತೆಯ ಪಟ್ಟಿ ಪಡೆದವನಿಗೆ ಸಂಬಳದ ಮೇಲೆ ದಿನಕ್ಕೊಂದು ಪೆನ್ನಿ ಹೆಚ್ಚು. ಕುಡಿದು ಗಲಾಟೆ ಮಾಡಿದರೆ ಅದಕ್ಕೂ ಕತ್ತರಿ. 1870ರಲ್ಲಿ ಕಾನೂನು ಬದಲಾಗಿ ಆರು ವರ್ಷ ಸೈನ್ಯದಲ್ಲಿ, ಆರು ವರ್ಷ ಮೀಸಲು ಪಡೆಯಲ್ಲಿ ಎಂದು ಆದಮೇಲೆ ಬಹಳ ಜನರಿಗೆ ಪಿಂಚಣಿಯ ದಾರಿಯೇ ಮುಚ್ಚಿಹೋಯಿತು.

ಪಿಂಚಣಿ ಪಡೆದು ಹೊರಬಂದ ಸಿಪಾಯಿಗಳ ಬಿಡುಗಡೆ ಕಾಗದಗಳು ಲಂಡನ್ನಿನ ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಭದ್ರವಾಗಿವೆ. ಹಣ ಕೊಟ್ಟರೆ ಕಂಪ್ಯೂಟರಿನಲ್ಲೇ ಅದರ ಚಿತ್ರ ಸಿಗುತ್ತದೆ. ಮೂರು ವಾರ ತಡಕಾಡಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಆಂಟಿಯ ಮುತ್ತಜ್ಜನ ಕಾಗದ ನಮ್ಮ ಕಣ್ಣಿಗೆ ಬಿತ್ತು.

ಏನೇನಿತ್ತು ಅಂತೀರಿ! ಹುಟ್ಟಿದ ಊರು, ಸೇರಿದಾಗಿನ ವಯಸ್ಸು, ಅದಕ್ಕೆ ಮುಂಚೆ ಮಾಡುತ್ತಿದ್ದ ಕಸುಬು. ಎತ್ತರ ಐದಡಿ ಏಳಂಗುಲ. ಬೂದು ಕಣ್ಣು, ಕಂದು ಕೂದಲು. 1855ರಲ್ಲಿ ಸೇರಿ 1876ರಲ್ಲಿ ಸಾರ್ಜೆಂಟ್ ಆಗಿ ನಿವೃತ್ತಿ. ನಡತೆ ‘ಬಹಳ ಒಳ್ಳೆಯದು’. ಮುಂದೆ ಎಲ್ಲಿ ವಾಸಿಸುತ್ತೀ ಎಂಬ ಕಾಲಮ್ಮಿನಲ್ಲಿ ಒಂದೇ ಮಾತು: ಬೆಂಗಳೂರು. ಆತನ ಒಂದು ಚಿತ್ರವೂ ಮನೆಯಲ್ಲಿಲ್ಲ. ಆಂಟಿ ತಮ್ಮ ಕಣ್ಣನ್ನು ತೋರಿಸಿ, “ನೋಡು ಮಗಳೇ, ಈ ಬೂದು ಕಣ್ಣು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು” ಎಂದು ನಕ್ಕರು.

ಆ ಕಾಗದವನ್ನು ನಾನು ನಾಲ್ಕು ಸಲ ಓದಿದೆ. ಗಂಡಸಿನ ಕೂದಲಿನ ಬಣ್ಣ ಬರೆದ ಆ ಗುಮಾಸ್ತ ಅವನ ಹೆಂಡತಿಯ ಹೆಸರನ್ನು ಎಲ್ಲೂ ಬರೆದಿರಲಿಲ್ಲ.

ಬ್ಯಾರಕ್ಕಿನ ಮೂಲೆಯ ಸಂಸಾರ

ಈಗ ಮುತ್ತಜ್ಜಿಯ ಪಿಂಚಣಿ ಹುಡುಕಬೇಕಿತ್ತು. ಅವಳ ಮೊದಲ ಗಂಡ ಸೇವೆಯಲ್ಲಿರುವಾಗಲೇ ಸತ್ತವನು. ಹಾಗೆ ಸತ್ತವನಿಗೆ ಬಿಡುಗಡೆ ಕಾಗದವೇ ಇರುವುದಿಲ್ಲ, ಪಿಂಚಣಿಯೂ ಇಲ್ಲ. ಸರಿ, ವಿಧವೆಗಾದರೂ ಏನು ಕೊಟ್ಟರು? ಇಲ್ಲಿಂದ ಕಥೆ ಬೇರೆಯೇ ಆಯಿತು.

ಆ ಕಾಲದಲ್ಲಿ ಸಿಪಾಯಿ ಮದುವೆಯಾಗಬೇಕಾದರೆ ಪಲ್ಟನ್ನಿನ ಅಧಿಕಾರಿಯ ಅಪ್ಪಣೆ ಬೇಕಿತ್ತು. ಅಪ್ಪಣೆ ಸಿಕ್ಕ ಹೆಂಡತಿಯ ಹೆಸರು ಪಲ್ಟನ್ನಿನ ಪಟ್ಟಿಗೆ ಸೇರುತ್ತಿತ್ತು. ಭಾರತಕ್ಕೆ ಬರುವ ಪಲ್ಟನ್ನಾದರೆ ನೂರು ಸಿಪಾಯಿಗೆ ಹನ್ನೆರಡು ಹೆಂಡತಿಯರು, ಅಷ್ಟೇ. ಉಳಿದವರ ಹೆಂಡತಿಯರು ಬಂದರಿನಲ್ಲಿ ಅಳುತ್ತಾ ನಿಲ್ಲಬೇಕು. ಪಟ್ಟಿಯಲ್ಲಿದ್ದವಳ ಭಾಗ್ಯವಾದರೂ ಏನು? ಎಷ್ಟೋ ಕಡೆ ಬ್ಯಾರಕ್ಕಿನ ಒಂದು ಮೂಲೆಗೆ ಬಟ್ಟೆ ಇಳಿಬಿಟ್ಟು ಅದರೊಳಗೇ ಸಂಸಾರ, ಅದರೊಳಗೇ ಬಾಣಂತನ. ಅರ್ಧ ಪಡಿ ರೇಷನ್. ಜೊತೆಗೆ ಸಿಪಾಯಿಗಳ ಬಟ್ಟೆ ಒಗೆದು ನಾಲ್ಕು ಕಾಸು.

ಗಂಡ ಸತ್ತನೋ, ಅವಳಿಗೆ ಸರ್ಕಾರದಿಂದ ಪಿಂಚಣಿ ಇಲ್ಲ! ಭಾರತದಲ್ಲಿ ಅಂಥ ವಿಧವೆಗೆ ಕೆಲವು ತಿಂಗಳು, ಹೆಚ್ಚೆಂದರೆ ಆರು ತಿಂಗಳು, ರೇಷನ್ ಕೊಡುತ್ತಿದ್ದರು. ಅಷ್ಟರೊಳಗೆ ಅವಳು ಊರಿಗೆ ಮರಳಬೇಕು, ಇಲ್ಲವೇ ಅದೇ ಪಲ್ಟನ್ನಿನ ಇನ್ನೊಬ್ಬನನ್ನು ಮದುವೆಯಾಗಬೇಕು. ಕಾಲರಾ ಬಂದು ಬ್ಯಾರಕ್ಕು ಬರಿದಾದ ದಿನಗಳಲ್ಲಿ ಒಬ್ಬೊಬ್ಬ ಹೆಂಗಸು ಎರಡು ಸಲ, ಮೂರು ಸಲ ಮದುವೆಯಾದದ್ದುಂಟು. ಜನ ನಕ್ಕರು. ಆ ಆರು ತಿಂಗಳ ಗಡುವು ಯಾರ ಕಣ್ಣಿಗೂ ಬೀಳಲಿಲ್ಲ.

ಅಧಿಕಾರಿಯ ಹೆಂಡತಿಗೆ ಮಾತ್ರ ಬೇರೆ ನ್ಯಾಯ. ಸೈನ್ಯದ ಅಧಿಕಾರಿಗಳ ವಿಧವೆಯರಿಗೆ ವಿಕ್ಟೋರಿಯಾ ಹುಟ್ಟುವುದಕ್ಕೆ ನೂರು ವರ್ಷ ಮುಂಚಿನಿಂದಲೇ ಪಿಂಚಣಿ ಇತ್ತು. ಇನ್ನೊಂದು ಸೋಜಿಗ ಕೇಳಿ. ಮದ್ರಾಸ್ ಸೈನ್ಯದ ನಮ್ಮ ದೇಶದ ಸಿಪಾಯಿ ಯುದ್ಧದಲ್ಲಿ ಸತ್ತರೆ ಅಥವಾ ಕಡಲಾಚೆಯ ಸೇವೆಯಲ್ಲಿ ಸತ್ತರೆ ಅವನ ವಾರಸುದಾರರಿಗೆ ಪಿಂಚಣಿ ಕೊಡುವ ಕ್ರಮ ಇತ್ತು. ರಾಣಿಯ ಸ್ವಂತ ಪಲ್ಟನ್ನಿನ ಬಿಳಿಯ ಸಿಪಾಯಿಯ ಹೆಂಡತಿಗೆ ಅದೂ ಇಲ್ಲ.

1854ರಲ್ಲಿ ಕ್ರಿಮಿಯಾ ಯುದ್ಧವಾದಾಗ ಇಂಗ್ಲೆಂಡಿನ ಜನ ತಾವೇ ಚಂದಾ ಎತ್ತಿ ‘ಪೇಟ್ರಿಯಾಟಿಕ್ ಫಂಡ್’ ಎಂಬ ನಿಧಿ ಮಾಡಿದರು. ಹತ್ತು ಲಕ್ಷ ಪೌಂಡಿಗಿಂತ ಹೆಚ್ಚು ಹಣ ಸೇರಿತು. ಒಳ್ಳೆಯದೇ. ಆದರೆ ಅದು ಆ ಯುದ್ಧದ ವಿಧವೆಯರಿಗೆ. ಅದರಲ್ಲೂ ‘ನಡತೆ’ ಸರಿಯಿದ್ದವರಿಗೆ ಮಾತ್ರ. ಯಾರಾದರೂ ಒಂದು ಮಾತು ಆಡಿದರೆ ವಿಚಾರಣೆ, ಹಣ ನಿಂತೇಹೋಗಬಹುದು. ಗಂಡನನ್ನೂ ಕಳೆದುಕೊಂಡು, ದಿನಾ ತನ್ನ ಶೀಲಕ್ಕೆ ಸಾಕ್ಷಿ ಒದಗಿಸುತ್ತಾ ಬದುಕುವುದು! ಯುದ್ಧದಲ್ಲಿ ಮಡಿದ ಸಾಮಾನ್ಯ ಸಿಪಾಯಿಯ ವಿಧವೆಗೆ ಸರ್ಕಾರವೇ ಪಿಂಚಣಿ ಕೊಡಲು ಶುರುಮಾಡಿದ್ದು 1901ರಲ್ಲಿ. ವಿಕ್ಟೋರಿಯಾ ರಾಣಿ ತೀರಿಕೊಂಡ ವರ್ಷ. ತಾನೇ ನಲವತ್ತು ವರ್ಷ ವಿಧವೆಯಾಗಿ ಕಪ್ಪು ಬಟ್ಟೆ ಉಟ್ಟ ರಾಣಿಯ ರಾಜ್ಯದಲ್ಲಿ ಸಿಪಾಯಿಯ ವಿಧವೆಯ ಗತಿ ಇದು.

ನಾಲ್ಕು ತಿಂಗಳ ಲೆಕ್ಕ

ಬೆಂಗಳೂರಿನಂಥ ದಂಡಿನ ಊರುಗಳ ಚರ್ಚುಗಳಲ್ಲಿ ಆದ ಮದುವೆ, ಸಾವುಗಳ ನಕಲನ್ನು ಆಗ ಲಂಡನ್ನಿಗೆ ಕಳಿಸುತ್ತಿದ್ದರು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬಹಳಷ್ಟನ್ನು ಕಂಪ್ಯೂಟರಿನಲ್ಲಿ ನೋಡಬಹುದು. ನಮ್ಮ ಅದೃಷ್ಟಕ್ಕೆ ಎರಡೂ ನಮೂದು ಸಿಕ್ಕವು. 1866ರ ಜುಲೈಯಲ್ಲಿ ಮೊದಲ ಗಂಡನ ಸಮಾಧಿ, ಕಾರಣ ಕಾಲರಾ. ಅದೇ ವರ್ಷ ನವೆಂಬರಿನಲ್ಲಿ ಎರಡನೆಯ ಮದುವೆ. ವಧು ವಿಧವೆ, ವಯಸ್ಸು ಇಪ್ಪತ್ನಾಲ್ಕು. ಕೆಳಗೆ ಅವಳ ಹೆಸರು, ಅವಳ ತಂದೆಯ ಹೆಸರು. ಸಹಿಯ ಜಾಗದಲ್ಲಿ ಒಂದು ಗುಣಾಕಾರದ ಗುರುತು.

ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ಜುಲೈಯಿಂದ ಆರು ತಿಂಗಳು ಎಂದರೆ ಜನವರಿ. ನವೆಂಬರ್ ಹೊತ್ತಿಗೆ ಅವಳ ಕೈಯಲ್ಲಿ ಉಳಿದಿದ್ದದ್ದು ಎರಡು ತಿಂಗಳ ರೇಷನ್. ಕಂಕುಳಲ್ಲೊಂದು, ಕೈಹಿಡಿದು ಒಂದು ಮಗು. ಸುತ್ತ ಗೊತ್ತಿಲ್ಲದ ಭಾಷೆಯ ಊರು. ತವರು ಸಮುದ್ರದಾಚೆ.

ಆಂಟಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತೇ ಆಡಲಿಲ್ಲ. ಕೊನೆಗೆ, “ಹಾಗಾದರೆ ಪಿಂಚಣಿ ಇರಲೇ ಇಲ್ಲ” ಎಂದರು. ಆಮೇಲೆ, “ಮಮ್ಮಿಗೆ ಇದು ಗೊತ್ತಿದ್ದಿದ್ದರೆ ದನಿ ತಗ್ಗಿಸುತ್ತಿರಲಿಲ್ಲ” ಎಂದರು.

ತವರಿಗೆ ಹೋಗಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಅವಳ ತವರು ಐರ್ಲೆಂಡಿನ ಕಾರ್ಕ್ ಸೀಮೆ. ಅವಳು ಮೂರು ವರ್ಷದ ಕೂಸಾಗಿದ್ದಾಗ, 1845ರಲ್ಲಿ, ಅಲ್ಲಿ ಆಲೂಗೆಡ್ಡೆಗೆ ರೋಗ ಬಿದ್ದು ಘೋರ ಬರ ಶುರುವಾಯಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹೆಚ್ಚು ಜನ ದೇಶ ಬಿಟ್ಟರು. ಅಂಥ ಊರಿಗೆ ಎರಡು ಮಕ್ಕಳೊಂದಿಗೆ ಬರಿಗೈಯಲ್ಲಿ ಹೋದ ವಿಧವೆಗೆ ಕಾಯುತ್ತಿದ್ದದ್ದು ‘ವರ್ಕ್‌ಹೌಸ್’ ಎಂಬ ದರಿದ್ರರ ಮನೆ. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ತಾಯಿಯ ಮಡಿಲಿನಿಂದ ಮಕ್ಕಳನ್ನು ಬೇರೆ ಮಾಡುವ ಗಂಜಿಗಿಂತ ಬೆಂಗಳೂರಿನ ಒಬ್ಬ ಸಾರ್ಜೆಂಟನ ಸಂಸಾರ ಮೇಲು ಎಂದು ಅವಳು ನಿಶ್ಚಯಿಸಿದ್ದರೆ ತಪ್ಪೇನು ಹೇಳಿ?

ಆ ಸಾರ್ಜೆಂಟ್ ಒಳ್ಳೆಯವನೇ ಇರಬೇಕು. ಅವನ ಮಕ್ಕಳ ಜೊತೆಗೆ ಅವಳ ಮೊದಲಿನ ಇಬ್ಬರು ಮಕ್ಕಳ ಹುಟ್ಟಿದ ದಿನವನ್ನೂ ಬೈಬಲ್ಲಿನಲ್ಲಿ ಅದೇ ಕೈಬರಹ ಬರೆದಿಟ್ಟಿದೆ. ಅವನ ಪಿಂಚಣಿಯಲ್ಲಿ ಸಂಸಾರ ಸಾಗಿತು. ಆದರೆ ಅವನು ಕಣ್ಣು ಮುಚ್ಚಿದ ದಿನ ಪಿಂಚಣಿಯೂ ಕಣ್ಣು ಮುಚ್ಚಿತು. ಮುತ್ತಜ್ಜಿ ಎರಡನೆಯ ಸಲ ವಿಧವೆಯಾದಾಗಲೂ ಕೈಗೆ ಬಂದದ್ದು ಸೊನ್ನೆ. ದಂಡಿನ ಮೇಮ್‌ಸಾಹೇಬರ ಬಟ್ಟೆ ಹೊಲಿದು ಕೊನೆಯವರೆಗೆ ಜೀವನ ಮಾಡಿದಳೆಂದು ಆಂಟಿಯ ಅಜ್ಜಿ ಹೇಳುತ್ತಿದ್ದರಂತೆ.

ಇದು ಸಿಪಾಯಿಗಳ ಮಾತಾಯಿತು. ಕುರ್ಚಿಯ ಮೇಲೆ ಕೂತ ಸರ್ಕಾರಿ ನೌಕರರಿಗೂ 1859ರ ಕಾನೂನಿನ ಪ್ರಕಾರ ಪಿಂಚಣಿ ಸಿಗುತ್ತಿತ್ತು. ಒಂದು ವರ್ಷದ ಸೇವೆಗೆ ಸಂಬಳದ ಅರವತ್ತರಲ್ಲಿ ಒಂದು ಪಾಲು. ನಲವತ್ತು ವರ್ಷ ದುಡಿದವನಿಗೆ ಅರವತ್ತರಲ್ಲಿ ನಲವತ್ತು. ಲೆಕ್ಕವೇನೋ ಚೆನ್ನಾಗಿದೆ. ಆದರೆ ಅದೂ ಅವನ ಜೀವ ಇರುವ ತನಕ. ಅವನು ಆಫೀಸಿಗೆ ಹೋಗಲೆಂದು ನಲವತ್ತು ವರ್ಷ ಬೆಳಗಾಗೆದ್ದು ಒಲೆ ಹಚ್ಚಿದವಳಿಗೆ ಅದರಲ್ಲಿ ಪಾಲಿಲ್ಲ.

ಬಿರುಗಾಳಿಯ ರಾತ್ರಿ ಹುಟ್ಟಿದವರು

ಐರ್ಲೆಂಡಿನ ಮಾತು ಬಂತಲ್ಲ, ಅಲ್ಲಿಯ ಒಂದು ಸ್ವಾರಸ್ಯ ಹೇಳದೆ ಮುಂದೆ ಹೋಗಲಾರೆ. ಮುತ್ತಜ್ಜಿಯ ತವರಿನ ಗುರುತು ನಮಗೆ ಸಿಕ್ಕಿದ್ದೂ ಒಂದು ಪಿಂಚಣಿಯ ಕಾಗದದಿಂದಲೇ, ಅದೂ ಒಬ್ಬ ಮುದುಕಿಯ ಪಿಂಚಣಿಯಿಂದ.

1908ರಲ್ಲಿ ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂತು. ಐರ್ಲೆಂಡ್ ಆಗ ಬ್ರಿಟನ್ನಿಗೇ ಸೇರಿತ್ತು. ಎಪ್ಪತ್ತು ವರ್ಷ ತುಂಬಿದ ಬಡವರಿಗೆ, ಗಂಡಸಾಗಲಿ ಹೆಂಗಸಾಗಲಿ, ವಾರಕ್ಕೆ ಐದು ಶಿಲಿಂಗ್. 1909ರ ಜನವರಿ 1ರಂದು ಅಂಚೆ ಕಚೇರಿಗಳಲ್ಲಿ ಮೊದಲ ಹಣ ಕೊಟ್ಟರು. ಯಾರ ಹೆಂಡತಿ, ಯಾರ ವಿಧವೆ ಎಂದು ಕೇಳದೆ ಹೆಂಗಸಿನ ಕೈಗೆ ಅವಳ ಹೆಸರಿನಲ್ಲೇ ಬಂದ ಹಣ ಅದು. ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ.

ಆದರೆ ಎಪ್ಪತ್ತು ತುಂಬಿದೆ ಎಂದು ತೋರಿಸುವುದು ಹೇಗೆ? ಐರ್ಲೆಂಡಿನಲ್ಲಿ ಎಲ್ಲರ ಜನನವನ್ನೂ ಸರ್ಕಾರ ನೋಂದಾಯಿಸಲು ಶುರುಮಾಡಿದ್ದೇ 1864ರಲ್ಲಿ. ಮುದುಕರಲ್ಲಿ ಯಾರ ಬಳಿಯೂ ಜನನ ಪತ್ರ ಇಲ್ಲ. 1839ರ ಜನವರಿ 6ರ ರಾತ್ರಿ ಅಲ್ಲಿ ಭಯಂಕರ ಬಿರುಗಾಳಿ ಬೀಸಿತ್ತು. ‘ದೊಡ್ಡ ಗಾಳಿಯ ರಾತ್ರಿ’ ಎಂದೇ ಅದಕ್ಕೆ ಹೆಸರು. ಪಿಂಚಣಿ ಅಧಿಕಾರಿ ವಯಸ್ಸು ಕೇಳಿದರೆ ಮುದುಕ ಮುದುಕಿಯರು, “ಆ ಗಾಳಿಯ ರಾತ್ರಿ ನನಗೆ ನೆನಪಿದೆ ಸ್ವಾಮಿ” ಎನ್ನುತ್ತಿದ್ದರಂತೆ!

ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೂ ಹೀಗೇ ಅಲ್ಲವೇ? “ಪ್ಲೇಗು ಬಂತಲ್ಲ, ಅದರ ಹಿಂದಿನ ವರ್ಷ ನಿಮ್ಮ ದೊಡ್ಡಪ್ಪ ಹುಟ್ಟಿದ್ದು.” ಬೆಂಗಳೂರಿಗೆ ಪ್ಲೇಗು ಬಂದದ್ದು 1898. ಧಾತು ಸಂವತ್ಸರದ ಬರ ಎಂದರೆ 1876. ಇನ್‌ಫ್ಲುಯೆಂಜಾ ಎಂದರೆ 1918. ಹೆಂಗಸರು ಕ್ಯಾಲೆಂಡರ್ ಇಟ್ಟುಕೊಂಡದ್ದು ಕಷ್ಟಗಳ ಲೆಕ್ಕದಲ್ಲೇ.

ಇನ್ನು ಕೆಲವರ ಅರ್ಜಿಗೆ 1841, 1851ರ ಜನಗಣತಿಯ ಪುಸ್ತಕ ತೆಗೆದು ನೋಡುತ್ತಿದ್ದರು. ಗುಮಾಸ್ತ ಒಂದು ಫಾರಂ ಮೇಲೆ ಅರ್ಜಿದಾರರ ತಂದೆತಾಯಿಯ ಹೆಸರು, ಹಳ್ಳಿ ಬರೆದು, ಗಣತಿಯಲ್ಲಿ ಸಿಕ್ಕ ವಿವರ ಗುರುತು ಹಾಕುತ್ತಿದ್ದ. ಆಮೇಲೆ ಏನಾಯಿತು ಗೊತ್ತೇ? 1922ರಲ್ಲಿ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಾಖಲೆಗಳ ಭವನಕ್ಕೆ ಬೆಂಕಿ ಬಿದ್ದು ಆ ಗಣತಿಯ ಪುಸ್ತಕಗಳು ಬಹುಮಟ್ಟಿಗೆ ಸುಟ್ಟು ಬೂದಿಯಾದವು. ಉಳಿದದ್ದು ಈ ಬಡ ಮುದುಕ ಮುದುಕಿಯರ ಪಿಂಚಣಿ ಫಾರಂಗಳು! ಐದು ಶಿಲಿಂಗಿಗಾಗಿ ಹಾಕಿದ ಅರ್ಜಿಗಳು ಒಂದೊಂದು ಕುಟುಂಬದ ಹೆಸರನ್ನೇ ಉಳಿಸಿಕೊಟ್ಟವು. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಇವನ್ನು ಹಣ ಕೇಳದೆ ಎಲ್ಲರಿಗೂ ನೋಡಲು ಕೊಟ್ಟಿದೆ.

ಮದುವೆಯ ನಮೂದಿನಲ್ಲಿ ಮುತ್ತಜ್ಜಿಯ ತಂದೆಯ ಹೆಸರಿತ್ತಲ್ಲ, ಅದನ್ನು ಹಿಡಿದು ಮಗಳು ಹುಡುಕಿದಳು. ಕಾರ್ಕ್ ಸೀಮೆಯ ಒಂದು ಹಳ್ಳಿಯಿಂದ 1909ರಲ್ಲಿ ಹಾಕಿದ ಅರ್ಜಿ ಸಿಕ್ಕಿತು. ಅದೇ ತಂದೆ, ಬೈಬಲ್ಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದ ಅದೇ ಹಳ್ಳಿ. ಅರ್ಜಿದಾರಳು ಮುತ್ತಜ್ಜಿಯ ಅಕ್ಕ. ಊರು ಬಿಟ್ಟು ಎಲ್ಲೂ ಹೋಗದವಳು. ಗುಮಾಸ್ತ 1851ರ ಗಣತಿಯಿಂದ ಮನೆಯವರನ್ನೆಲ್ಲ ಬರೆದುಕೊಂಡಿದ್ದ. ತಂದೆ, ತಾಯಿ, ಹನ್ನೆರಡು ವರ್ಷದ ಅಕ್ಕ, ಅವಳ ಕೆಳಗೆ ಒಂಬತ್ತು ವರ್ಷದ ಹುಡುಗಿ. ನಮ್ಮ ಮುತ್ತಜ್ಜಿ! ನೋಡಿ, ಆಗಲೇ ನಾನೂ ‘ನಮ್ಮ’ ಅಂದುಬಿಟ್ಟೆ.

ಅಕ್ಕನಿಗೆ ಎಪ್ಪತ್ತರಲ್ಲಿ ಪಿಂಚಣಿ ಬಂತು. ಇಲ್ಲಿ ತಂಗಿ ಸೂಜಿ ಹಿಡಿದೇ ಮುಪ್ಪಾದಳು.

ಆ ಸಂಜೆ ಟೀಚರ್ ಆಂಟಿ ಬೈಬಲ್ ತೆಗೆದು, ‘ಹೆಂಡತಿ’ ಎಂದಿದ್ದ ಜಾಗದ ಪಕ್ಕದಲ್ಲಿ ಮುತ್ತಜ್ಜಿಯ ಪೂರಾ ಹೆಸರನ್ನು, ಅವಳ ತಂದೆತಾಯಿಯ ಹೆಸರನ್ನು, ಹಳ್ಳಿಯ ಹೆಸರನ್ನು ದುಂಡಗೆ ಬರೆದರು. ಇಬ್ಬರು ಗಂಡಂದಿರ ಹೆಸರನ್ನೂ ಬರೆದರು. “ಆ ಮದುವೆ ಆಗದಿದ್ದರೆ ನಾನೇ ಹುಟ್ಟುತ್ತಿರಲಿಲ್ಲ. ಇದರಲ್ಲಿ ಮುಚ್ಚಿಡೋದು ಏನಿದೆ?” ಎಂದರು.

ನಮ್ಮ ಮನೆಯ ಕಾಗದ

ಇದೆಲ್ಲ ವಿಕ್ಟೋರಿಯಾ ಕಾಲದ್ದು, ನಮಗೇಕೆ ಎನ್ನಬೇಡಿ. ಚೆಲ್ಸಿಯ ಆ ಆಶ್ರಯಧಾಮಕ್ಕೆ ಹೆಂಗಸರನ್ನು, ಅಂದರೆ ತಾವೇ ಸೈನ್ಯದಲ್ಲಿ ದುಡಿದ ಮಹಿಳೆಯರನ್ನು, ಮೊದಲ ಬಾರಿಗೆ ಸೇರಿಸಿಕೊಂಡದ್ದು 2009ರಲ್ಲಿ. ಮುನ್ನೂರು ವರ್ಷಕ್ಕೂ ಮೇಲೆ ಹಿಡಿಯಿತು. ನಮ್ಮಲ್ಲಿ ಕೇಂದ್ರ ಸರ್ಕಾರದ ನೌಕರರ ಮನೆಯವರಿಗೆ ಈಗಿನ ರೀತಿಯ ಕುಟುಂಬ ಪಿಂಚಣಿ ಯೋಜನೆ ಬಂದದ್ದು 1964ರ ಜನವರಿ 1ರಿಂದ. ನಮ್ಮ ಅತ್ತೆಯವರ ಕಾಲಕ್ಕೆ ಹಕ್ಕು ಇತ್ತು. ಆದರೂ ಮಾವನವರು ಹೋದಮೇಲೆ ಹನ್ನೊಂದು ತಿಂಗಳು ಅವರು ಒಂದು ಕಚೇರಿಯ ಮೆಟ್ಟಿಲು ಹತ್ತಿ ಇಳಿದರು. ಯಾಕೆ? ಸರ್ವಿಸ್ ರಿಜಿಸ್ಟರಿನಲ್ಲಿ ಇದ್ದ ಹೆಸರಿಗೂ ರೇಷನ್ ಕಾರ್ಡಿನ ಹೆಸರಿಗೂ ಕೊನೆಯಲ್ಲಿ ಒಂದು ‘ಅಮ್ಮ’ ವ್ಯತ್ಯಾಸ! ನಲವತ್ತೊಂದು ವರ್ಷ ಸಂಸಾರ ಮಾಡಿದವರು “ನಾನೇ ಅವಳು” ಎಂದು ಅಫಿಡವಿಟ್ ಮಾಡಿಸಬೇಕಾಯಿತು.

ಅದಕ್ಕೇ ಗೆಳತಿಯರೇ, ಒಂದೆರಡು ಮಾತು. ನಿಮ್ಮ ಹೆಸರು ಮದುವೆಯ ಪ್ರಮಾಣಪತ್ರ, ಆಧಾರ್, ಬ್ಯಾಂಕಿನ ಪುಸ್ತಕ, ಯಜಮಾನರ ಸೇವಾ ದಾಖಲೆ ಎಲ್ಲದರಲ್ಲೂ ಅಕ್ಷರ ಬಿಡದೆ ಒಂದೇ ರೀತಿ ಇದೆಯೇ ಎಂದು ಈ ವಾರವೇ ನೋಡಿ. ಮದುವೆ ನೋಂದಣಿ ಆಗಿಲ್ಲವಾದರೆ ಈಗಲಾದರೂ ಮಾಡಿಸಿ. ಪಿಂಚಣಿ ಆದೇಶದ ಪತ್ರ ಮನೆಯಲ್ಲಿ ಎಲ್ಲಿದೆ, ಅದರ ನಂಬರು ಏನು, ಅದರಲ್ಲಿ ನಿಮ್ಮ ಹೆಸರು ಇದೆಯೇ? ಗಂಡಸರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಇವನ್ನು ಕೇಳುವುದು ಅಪಶಕುನವಲ್ಲ, ದೀಪಕ್ಕೆ ಎಣ್ಣೆ ಇದೆಯೇ ಎಂದು ನೋಡಿಕೊಂಡ ಹಾಗೆ.

ಹಿರಿಯರ ಪಿಂಚಣಿ ಹುಡುಕುವ ಆಸೆ ನಿಮಗೂ ಇದ್ದರೆ, ಮೊದಲು ಟ್ರಂಕಿನ ತಳ ನೋಡಿ. ಮೈಸೂರು ಸರ್ಕಾರದ ಚಾಕರಿಯಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ. ಮದ್ರಾಸ್ ಸರ್ಕಾರದ್ದಾದರೆ ಚೆನ್ನೈನ ಎಗ್ಮೋರಿನ ಪತ್ರಾಗಾರ. ಕೆಲಸ ಯಾರದು, ಊರು ಯಾವುದು, ವರ್ಷ ಯಾವುದು ಎಂಬ ಮೂರು ಸಂಗತಿ ಗೊತ್ತಿದ್ದರೆ ಅರ್ಧ ದಾರಿ ಸಾಗಿದಂತೆ. ಹುಡುಕುವಾಗ ಅಜ್ಜನ ಹೆಸರು ಸಿಕ್ಕಿತೆಂದು ಅಲ್ಲೇ ನಿಲ್ಲಬೇಡಿ. ಹಣ ಎಲ್ಲಿ ನಿಂತಿತು, ಆಮೇಲೆ ಅಜ್ಜಿ ಏನು ಮಾಡಿದಳು ಎಂದು ಕೇಳಿ. ಮನೆಯಲ್ಲಿ ಯಾರದೋ ಹೆಸರಿಗೆ ದನಿ ತಗ್ಗಿಸುತ್ತಿದ್ದರೆ ಅದರ ಕಾರಣ ಅಲ್ಲೇ ಸಿಕ್ಕೀತು.

ಹಾಗೆಯೇ ನಿಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರು, ಅವರ ತವರೂರಿನ ಹೆಸರು ಗೊತ್ತಿರುವಷ್ಟನ್ನು ಇವತ್ತೇ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ, ಅವರು ಹೇಳುವ ಸ್ಥಿತಿಯಲ್ಲಿ ಇರುವಾಗಲೇ.